ಬಾವಿಯೊಳಗಿನ ಬೂದು

ತಪ್ಪು ಕಾಗದ ಆರಿಸಿದವನು ಒಬ್ಬ ಗುತ್ತಿಗೆದಾರ. ಅದರಿಂದ ನೀರು ಕಳೆದುಕೊಳ್ಳಲಿದ್ದವರು ದೇವನಹಳ್ಳಿ ಕಡೆಯ ಒಂದು ಕೇರಿಯ ಹನ್ನೊಂದು ಮನೆಯವರು. ಅದನ್ನು ತಪ್ಪಿಸಿದ್ದು ನಮ್ಮ ಚಳವಳಿಯಲ್ಲ, ನಮ್ಮ ಸೋದರಮಾವನ ಹುಚ್ಚು. ಇಷ್ಟು ವರ್ಷ ಘೋಷಣೆ ಕೂಗಿದ ನನಗೆ ಇದನ್ನು ಒಪ್ಪಿಕೊಳ್ಳುವುದು ಸುಲಭವೇ?

ಮಾವ ಪೇಟೆಯಲ್ಲಿ ಸ್ಟುಡಿಯೊ ಇಟ್ಟವರು. ಕಪ್ಪು-ಬಿಳುಪು ಫೋಟೊ ಮುದ್ರಿಸುವ ಕಾಗದಕ್ಕೆ ನಂಬರುಗಳಿರುತ್ತವೆ. ಒಂದನೆಯದು ಮೃದು, ನಡುವಿನ ಬೂದುಗಳನ್ನೆಲ್ಲ ಹಿಡಿದಿಡುತ್ತದೆ. ನಾಲ್ಕನೆಯದು ಗಡಸು, ಕಪ್ಪು ಅಥವಾ ಬಿಳುಪು, ನಡುವಿನದನ್ನು ನುಂಗಿಬಿಡುತ್ತದೆ. ಮಾವ ಮನುಷ್ಯರನ್ನೂ ಹೀಗೆಯೇ ಅಳೆಯುತ್ತಿದ್ದರು. ಹುಡುಗಿಯ ತಂದೆಯೊಬ್ಬರು, “ಬೀಗ್ರು ಕೇಳವ್ರೆ, ಮಗ್ಳ ಫೋಟೊ ಒಸಿ ಬೆಳ್ಳಗ್ ಬರೋ ಹಂಗ್ ಹಾಕ್ಕೊಡಿ” ಎಂದಾಗ, “ಅವ್ರು ನಾಲ್ಕನೇ ನಂಬರ್ ಜನ, ಆ ಸಂಬಂಧ ಬಿಡಿ” ಎಂದು ಕಳುಹಿಸಿಬಿಟ್ಟರು. ಬಣ್ಣದ ವ್ಯಾಮೋಹದ ವಿರುದ್ಧ ನಾನು ಬರೆದ ಕರಪತ್ರಗಳಲ್ಲಿ ಯಾವುದೂ ಇಷ್ಟು ಚಿಕ್ಕದಾಗಿ, ಇಷ್ಟು ಚುರುಕಾಗಿ ಇರಲಿಲ್ಲ.

ಅತ್ತೆಯದು ಮಾತ್ರ ತೀರದ ದೂರು. ಅವರ ಮದುವೆಯ ಫೋಟೊವನ್ನು ಯಾರೋ ಗಡಸು ಕಾಗದದಲ್ಲಿ ಮುದ್ರಿಸಿದ್ದರು. ಮಾವನ ಪೇಟ, ಬಾಳೆಕಂದು ಎಲ್ಲವೂ ಇವೆ. ಕೃಷ್ಣವರ್ಣದ ಅತ್ತೆಯ ಮುಖವಿರಬೇಕಾದಲ್ಲಿ ಮಸಿ! “ಇವ್ರು ಯಾರ್ನ ಮದ್ವೆ ಆದ್ರು ಅನ್ನೋಕೆ ಸಾಕ್ಷೀನೇ ಇಲ್ಲ ಕಣಮ್ಮ” ಎನ್ನುತ್ತಿದ್ದರು. ಒಂದನೇ ನಂಬರಿನ ಕಾಗದ ಪೇಟೆಗೆ ಬರುವುದು ನಿಂತಾಗ, ಮಾವ ಕೊನೆಯ ಪ್ಯಾಕೆಟ್ಟನ್ನು ಆ ಮದುವೆಯ ಫೋಟೊದ ನೆಗೆಟಿವ್‌ಗೆಂದೇ ಮೀಸಲಿಟ್ಟರು. ವರ್ಷಗಟ್ಟಲೆ ಮುಹೂರ್ತ ಕೂಡಿಬರಲಿಲ್ಲ.

ಅಷ್ಟರಲ್ಲಿ ವಿಮಾನ ನಿಲ್ದಾಣದ ಕಡೆಗೆ ಹೊಸ ರಸ್ತೆ ಅಳೆಯತೊಡಗಿದರು. ದಾರಿಯಲ್ಲಿರುವುದನ್ನೆಲ್ಲ ರಸ್ತೆಯ ಗುತ್ತಿಗೆದಾರನಿಗಾಗಿ ಫೋಟೊ ತೆಗೆದವರು ಮಾವ. ನೆಗೆಟಿವ್‌ಗಳನ್ನು ಗುತ್ತಿಗೆದಾರನ ಕೈಗೆ ಕೊಟ್ಟದ್ದು ಅವರ ತಪ್ಪು. ಅವನು ಎಲ್ಲವನ್ನೂ ನಾಲ್ಕನೇ ನಂಬರಿನಲ್ಲಿ ಮುದ್ರಿಸಿದ. ಊರಬಾವಿ ಮುಟ್ಟಲು ಬಿಡದಿದ್ದ ಕಾಲದಲ್ಲಿ ಕೇರಿಯ ಹಿರಿಯರು ತಾವೇ ತೋಡಿಕೊಂಡಿದ್ದ ಮೆಟ್ಟಿಲುಬಾವಿ, ಫೋಟೊದಲ್ಲಿ ಬರೀ ಕರಿ ಚೌಕವಾಯಿತು. ರಸ್ತೆ ಇಲಾಖೆಯ ಅಧಿಕಾರಿ ಸ್ಥಳಕ್ಕೆ ಬರಲಿಲ್ಲ. ಫೋಟೊ ನೋಡಿಯೇ ‘ಹಾಳು ಗುಂಡಿ, ಮುಚ್ಚಬಹುದು’ ಎಂದು ಬರೆದರು.

ಸುದ್ದಿ ತಿಳಿದು ಮಾವ ಊಟ ಬಿಟ್ಟು ಎದ್ದರು. ನೆಗೆಟಿವ್ ಮರಳಿ ತಂದು, ಮೀಸಲು ಪ್ಯಾಕೆಟ್ಟನ್ನು ಒಡೆದರು. ಮಾರನೆಯ ದಿನ ಅಧಿಕಾರಿಯ ಮೇಜಿನ ಮೇಲೆ ಎರಡು ಫೋಟೊಗಳನ್ನು ಅಕ್ಕಪಕ್ಕ ಇಟ್ಟರು.

“ಇದು ಬೇರೆ ಬಾವಿ ಕಣ್ರೀ” ಎಂದರು ಅಧಿಕಾರಿ.

“ನೆಗೆಟಿವ್ ಒಂದೇ ಸಾರ್. ನಿಮ್ದು ನಾಲ್ಕನೇ ನಂಬರ್.”

ಹೊಸದರಲ್ಲಿ ಕಾಲುಗಳು ಸವೆಸಿದ ಮೆಟ್ಟಿಲುಗಳಿದ್ದವು, ತಳದಲ್ಲಿ ನೀರು ಮಿನುಗುತ್ತಿತ್ತು. ಜೊತೆಗೆ ಬಂದಿದ್ದ ಕೇರಿಯ ಅಜ್ಜಿ ಫೋಟೊಗೆ ಮೂಗು ತಾಗಿಸಿ, ಮೂರನೇ ಮೆಟ್ಟಿಲಿನ ಮೇಲೆ ಬೆರಳಿಟ್ಟರು. “ಅಯ್ಯೋ, ನನ್ ಚೊಂಬು ಇಲ್ಲೈತೆ. ಸೊಸೆನ ಸುಮ್ಕೆ ಬೈದ್ಬುಟ್ನಲ್ಲಪ್ಪಾ.”

ಚೊಂಬು ಮರೆತುಬಂದ ಜಾಗವನ್ನು ಹಾಳು ಗುಂಡಿ ಎನ್ನುವುದು ಹೇಗೆ? ಅಧಿಕಾರಿ ಅಂದೇ ಜೀಪು ಹತ್ತಿದರು. ಸ್ವಲ್ಪ ದಿನಕ್ಕೆ ರಸ್ತೆಯ ಗುರುತುಕಲ್ಲುಗಳು ನಾಲ್ಕು ಮಾರು ಆಚೆ ಸರಿದವು. ಬಾವಿ ಉಳಿಯಿತು.

ಹನ್ನೊಂದು ಮನೆಯವರೂ ಬಾವಿಯ ಫೋಟೊ ಕೇಳಿದರು. ಮಾವ ಯಾರಿಗೂ ಇಲ್ಲವೆನ್ನಲಿಲ್ಲ. ಕೊನೆಗೆ ಒಂದನೇ ನಂಬರಿನ ಕಾಗದದಲ್ಲಿ ಉಳಿದದ್ದು ಎರಡು ಬೆರಳಗಲದ ಒಂದು ಪಟ್ಟಿ. ಅದರಲ್ಲಿ ಮದುವೆಯ ಫೋಟೊದ ಅತ್ತೆಯ ಕಣ್ಣುಗಳನ್ನಷ್ಟೇ ಮುದ್ರಿಸಿ, ತಲೆತಗ್ಗಿಸಿ ಕೊಟ್ಟರು. ಅತ್ತೆ ಪಟ್ಟಿಯನ್ನು ಬೆಳಕಿಗೆ ಹಿಡಿದರು.

“ಸಾಕು ಬಿಡಿ. ಆವತ್ತು ನಿಮ್ಮನ್ನೇ ನೋಡ್ತಿದ್ದೆ ಅಂತ ಗೊತ್ತಾಯ್ತಲ್ಲ.”

ರಸ್ತೆ ಅಳೆಯುವ ಅಧಿಕಾರಿಗಳಲ್ಲಿ ನನ್ನ ಬೇಡಿಕೆ ಇಷ್ಟೇ: ಯಾವುದೇ ಬಾವಿಯನ್ನು ಹಾಳೆಂದು ಬರೆಯುವ ಮೊದಲು, ಅದರ ನೀರು ಕುಡಿಯುವವರೊಬ್ಬರನ್ನು ಜೊತೆಗೆ ಕರೆದುಕೊಂಡು ಮೂರನೇ ಮೆಟ್ಟಿಲಿನವರೆಗಾದರೂ ಇಳಿಯಿರಿ.