ಚೌಪಾಟಿಯಲ್ಲಿ ಬೆನ್ನು ಹತ್ತಿದ ಸೀರೆ

ಚಿಕ್ಕಮಕ್ಕಳನ್ನು ಕಟ್ಟಿಕೊಂಡು ಪರಸ್ಥಳ ನೋಡಲು ಹೋದವರಿಗೆ ಆ ಸ್ಥಳವೊಂದನ್ನು ಬಿಟ್ಟು ಉಳಿದದ್ದೆಲ್ಲ ಕಾಣುತ್ತದೆ. ಕುಡಿಯುವ ನೀರಿನ ನಳ ಎಲ್ಲಿದೆ, ಮಗುವನ್ನು ಕೂಡ್ರಿಸಲು ಮರೆಯಾದ ಸಂದಿ ಎಲ್ಲಿದೆ, ಊದುವ ಬಣ್ಣದ ಪುಗ್ಗೆ ಮಾರುವವನು ಯಾವ ಕಡೆಯಿಂದ ಬರುತ್ತಿದ್ದಾನೆ, ಅವನ ಕಣ್ಣು ತಪ್ಪಿಸಲು ಎತ್ತ ತಿರುಗಬೇಕು, ಮುಂಬಯಿಯ ಬಗ್ಗೆ ನನಗಿರುವ ಜ್ಞಾನವೆಲ್ಲ ಈ ಜಾತಿಯದು. ನಮ್ಮ ಸೀಮೆ ಆಗ ಮುಂಬಯಿ ರಾಜ್ಯದಲ್ಲಿತ್ತು. ಹೀಗಾಗಿ ಅದು ನಮ್ಮದೇ ರಾಜಧಾನಿ ಎಂದು ಶಾಲೆಯ ಮಾಸ್ತರರು ಹೇಳುತ್ತಿದ್ದರು. ಆದರೆ ರಬಕವಿಯಲ್ಲಿ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟುಕೊಂಡು ಬೆಳೆದ ನನ್ನಂಥ ನೇಕಾರನಿಗೆ ಅದು ಪಕ್ಕಾ ಪರದೇಶ.

ಹೆಂಡತಿಯ ಅಣ್ಣ ಪರೇಲಿನಲ್ಲಿ ಗಿರಣಿ ಕೆಲಸಕ್ಕಿದ್ದ. ಅವನೂ ಅವನ ಹೆಂಡತಿಯೂ, ಅಂದರೆ ನನ್ನವಳ ವೈನಿಯೂ, ಇದ್ದ ಖೋಲಿಯಲ್ಲಿ ಬೀಡುಬಿಟ್ಟಿದ್ದ ನಾವು ಒಂದು ಮುಂಜಾನೆ ಊರು ನೋಡಲು ಹೊರಟೆವು. ನಾವು ಅಂದರೆ ನಾನು, ನನ್ನ ಹೆಂಡತಿ, ಆರು ವರ್ಷದ ಮಗಳು ನೀಲವ್ವ, ಮೂರು ವರ್ಷದ ಮಗ ಮಲ್ಲ್ಯಾ ಮತ್ತು ರೊಟ್ಟಿ, ಶೇಂಗಾ ಚಟ್ನಿಯ ಗಂಟು. ರಾಣಿಬಾಗಿನ ಮೃಗಾಲಯದಲ್ಲಿ ಆನೆ ಕಂಡ ಮಲ್ಲ್ಯಾ, ಅದನ್ನು ಮನೆಗೆ ಒಯ್ಯಲೇಬೇಕೆಂದು ನೆಲಕ್ಕೆ ಬಿದ್ದು ಹೊರಳಾಡಿದ. ಟ್ರಾಮು ಹತ್ತಿಸಿದರೆ ಇಳಿಯುತ್ತೇನೆಂದು ಅತ್ತ. ಇಳಿಸಿದರೆ ಟ್ರಾಮು ಬೇಕೆಂದು ಅತ್ತ. ನೀಲವ್ವನದು ಪ್ರಶ್ನೆಗಳ ರಗಳೆ. ಚೌಪಾಟಿಯಲ್ಲಿ ಸಮುದ್ರ ಕಂಡಕೂಡಲೇ, "ಅಪ್ಪಾ, ಈ ನೀರ ಯಾರ ಹೊಲಕ್ಕ ಬಿಡತಾರ?" ಎಂದಳು. ಕೃಷ್ಣೆಯನ್ನು ಬಿಟ್ಟು ಬೇರೆ ನೀರು ಕಾಣದ ಕೂಸು. "ಯಾರ ಹೊಲಕ್ಕೂ ಇಲ್ಲವ್ವಾ, ಇದು ಉಪ್ಪುನೀರ" ಎಂದೆ. "ಹಂಗಾರ ಯಾಕ ಇಟ್ಟಾರ?" ಎಂದಳು. ಸಂಜೆಯ ಹೊತ್ತಿಗೆ ನನ್ನ ತಲೆ ಕೆಟ್ಟು ಮೊಸರಾಗಿತ್ತು.

ಚೌಪಾಟಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. "ನೀ ಮುಂದ ನಡಿ, ನಾ ಹುಡುಗರ್ನ ಕರಕೊಂಡ ಹಿಂದಿಂದ ಬರತೇನಿ" ಎಂದು ಹೆಂಡತಿಗೆ ಹೇಳಿದೆ. ಅವಳ ಮೇಲೆ ಕಣ್ಣಿಡುವುದು ನನಗೇನು ದೊಡ್ಡ ಮಾತು? ನೇಕಾರನ ಕಣ್ಣು ಹೆಂಗಸರ ಮುಖಕ್ಕೆ ಹೋಗುವುದಿಲ್ಲ, ಸೀರೆಯ ಅಂಚಿಗೆ ಹೋಗುತ್ತದೆ. ಇದೊಂದು ಸದ್ಗುಣವೆಂದೇ ನಾನು ತಿಳಿದಿದ್ದೆ. ಮದುವೆಮನೆಗೆ ಬಂದವರು ಯಾರೆಂದು ತಿಳಿಯುವ ಮೊದಲು ಅವರ ಸೀರೆ ಯಾರ ಮಗ್ಗದ್ದೆಂದು ನಮಗೆ ತಿಳಿದಿರುತ್ತದೆ. ಹೆಂಡತಿಗೆ ನಾನೇ ನೇಯ್ದು ಕೊಟ್ಟ ಕರಿ ಸೀರೆಯ ಕೆಂಪು ಅಂಚನ್ನು ಎಂಥ ಗದ್ದಲದಲ್ಲೂ ಗುರುತಿಸಬಲ್ಲೆ. ಗುರುತಿಸಿದೆ ಕೂಡ. ಸ್ವಲ್ಪ ಮುಂದೆ ಆ ಅಂಚು ಹೊರಟಿತ್ತು. ಮಲ್ಲ್ಯಾನನ್ನು ಹೆಗಲ ಮೇಲೆ ಹೊತ್ತು, ನೀಲವ್ವನ ಕೈ ಹಿಡಿದು ಅದರ ಬೆನ್ನು ಹತ್ತಿದೆ.

ಅಂಚು ನಿಲ್ಲುವ ಲಕ್ಷಣವಿಲ್ಲ. ನಮ್ಮ ಕಡೆ ಗಂಡ ಹೆಂಡತಿ ಒಬ್ಬರ ಹೆಸರು ಒಬ್ಬರು ಹಿಡಿದು ಕರೆಯುವ ಪದ್ಧತಿಯಿಲ್ಲ. "ಏ, ಕೇಳಸೂದಿಲ್ಲೇನ? ಜರಾ ನಿಂದರ!" ಎಂದು ಒದರಿದೆ. ಮುಂಬಯಿಯಲ್ಲಿ 'ಏ' ಎಂದರೆ ಯಾರು ತಿರುಗುತ್ತಾರೆ? ನೀಲವ್ವ ಕೈ ಜಗ್ಗಿದಳು.

"ಅಪ್ಪಾ, ಅವ್ವ..."

"ಬಾಯಿ ಮುಚಗೊಂಡ ನಡಿ."

"ಅಪ್ಪಾ, ಅಕಿ..."

"ಮತ್ತೊಂದ ಮಾತ ಕೇಳಿದ್ರ ನೋಡ ಮತ್ತ!"

ರಸ್ತೆ ದಾಟಿ ಟ್ರಾಮು ನಿಲ್ಲುವಲ್ಲಿ ಕಡೆಗೂ ಅವಳನ್ನು ಹಿಡಿದೆ. "ತಗೋ ನಿನ್ನ ಮಗನ್ನ! ನನ್ನ ಹೆಗಲ ಬಿದ್ದ ಹೋತು!" ಎಂದು ಮಲ್ಲ್ಯಾನನ್ನು ಅವಳ ಕೈಗೆ ತುರುಕಿದೆ. ತಿರುಗಿದವಳು ಮೂಗಿನಲ್ಲಿ ದೊಡ್ಡ ನತ್ತಿಟ್ಟ, ನನ್ನ ತಾಯಿಯ ವಯಸ್ಸಿನ ಮರಾಠಿ ಹೆಂಗಸು. ಯಾರ ಮಗುವಿದು ಎಂದು ಅವಳು ಮರಾಠಿಯಲ್ಲಿ ಕೇಳಿದ ಧಾಟಿಗೆ ಮಲ್ಲ್ಯಾ ಕೂಡ ಅಳು ನಿಲ್ಲಿಸಿದ. "ಅಕಿ ಅವ್ವ ಅಲ್ಲಂತ ಆಗಿಂದ ಹೇಳಾಕತ್ತೇನಿ" ಎಂದಳು ನೀಲವ್ವ.

ಹೆಂಡತಿಗೆ ಓದು ಬಾರದು, ಅಣ್ಣನ ಖೋಲಿ ಇರುವ ಓಣಿ ಗೊತ್ತಿಲ್ಲ, ಕತ್ತಲು ಬೇರೆ ಇಳಿಯುತ್ತಿತ್ತು. ಮಕ್ಕಳನ್ನು ಎತ್ತಿಕೊಂಡು, ಕಂಡ ದೇವರನ್ನೆಲ್ಲ ನೆನೆಯುತ್ತ, ಜನರನ್ನು ನೂಕುತ್ತ ಓಡಿದೆ. ಮೊದಲು ನಿಂತಿದ್ದ ಜಾಗದಲ್ಲೇ ಅವಳಿದ್ದಳು. ಸುತ್ತ ಸಣ್ಣ ಗುಂಪು, ನಡುವೆ ಒಬ್ಬ ಪೊಲೀಸ. ಗಂಡನ ಹೆಸರೇನು ಎಂದು ಪಾಪ ಅವನು ಸಮಾಧಾನದಿಂದ ಕೇಳುತ್ತಿದ್ದ. ಇವಳು ಗಂಡ ಹೋದರೂ ಚಿಂತೆಯಿಲ್ಲ, ಅವನ ಹೆಸರು ಬಾಯಿಂದ ಬರಬಾರದು ಎನ್ನುವಂತೆ, "ಮಲ್ಲ್ಯಾನ ಅಪ್ಪ" ಎಂದಷ್ಟೇ ಹೇಳುತ್ತಿದ್ದಳು. ಅವಳನ್ನು ಕಂಡು ಕಣ್ಣಲ್ಲಿ ನೀರು ಬಂತು. ಅದನ್ನು ಮುಚ್ಚಲು ಸಿಟ್ಟು ಮಾಡಿದೆ.

"ಎಲ್ಲಿ ಹೋಗಿದ್ದಿ?"

"ನಾ ಎಲ್ಲಿ ಹೋಗ್ಲಿರಿ? ರೊಟ್ಟಿ ಗಂಟ ಬಿಚ್ಚಿತ್ತು, ಕಟ್ಟಾಕ ಬಾಜೂಕ ನಿಂತೆ. ನೀವ ನನ್ನ ಮುಂದಿಂದನ ಹಾದ ಹ್ವಾದ್ರಿ. ಏನ್ರೀ, ಏನ್ರೀ ಅಂತ ಒದರಿ ಒದರಿ ಗಂಟಲ ಬಿತ್ತು."

"ನಮ್ಮ ಸೀರಿ ಕಂಡಿತು. ನೀನ ಅನಕೊಂಡೆ."

ಅವಳು ನನ್ನನ್ನೊಮ್ಮೆ, ತನ್ನನ್ನೊಮ್ಮೆ ನೋಡಿಕೊಂಡಳು. "ಮುಂಜಾನಿಂದ ನಾ ವೈನಿ ಸೀರಿ ಉಟ್ಟೇನ್ರಿ. ಮುಂಬೈದಾಗ ಇದ ಛಲೋ ಕಾಣತೈತಿ ಅಂತ ಅಕಿನ ಉಡಿಸಿದ್ಲು. ದಿನಾ ಪೂರ್ತಿ ನಿಮ್ಮ ಮಗ್ಗಲದಾಗ ಕುಂತೇನಿ."

ಊರಿಗೆ ಬಂದ ಮೇಲೆ ಓಣಿಯ ಹೆಂಗಸರು ಮುಂಬಯಿಯಲ್ಲಿ ಏನೇನು ನೋಡಿದಿರಿ ಎಂದು ಕೇಳಿದರೆ ಅವಳ ಉತ್ತರ ತಯಾರಿರುತ್ತಿತ್ತು. "ಹುಡುಗರು ಆನಿ ನೋಡ್ಯಾವ, ನಾ ಸಮುದ್ರ ನೋಡೇನಿ, ಇವರು ಸೀರಿ ನೋಡ್ಯಾರ." ಅದೇನು ಸುಳ್ಳಲ್ಲ. ಆ ಮರಾಠಿ ಮುದುಕಿಯ ಸೀರೆಯೂ ನನ್ನ ಮಗ್ಗದಿಂದಲೇ ಮುಂಬಯಿಯ ಅಂಗಡಿಗೆ ಹೋದದ್ದು; ಅದರ ಅಂಚಿನಲ್ಲಿ ನನ್ನ ಕೈತಪ್ಪಿನಿಂದ ಒಂದು ಎಳೆ ಬಿಟ್ಟುಹೋಗಿತ್ತು. ಎಡಗಡೆ, ನೆರಿಗೆಯ ಹತ್ತಿರ. ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅಂದು ನನ್ನ ಹೆಂಡತಿ ಉಟ್ಟಿದ್ದ ಸೀರೆಯ ಬಣ್ಣ ಯಾವುದೆಂದು ಮಾತ್ರ ದಯವಿಟ್ಟು ಕೇಳಬೇಡಿ. ಅವಳು ಒಳಗೆ ರೊಟ್ಟಿ ಬಡಿಯುತ್ತಿದ್ದಾಳೆ, ಕೇಳಿಸಿಕೊಂಡಾಳು.