ಮೊದಲ ಪಿಕಪ್ ರೇಸಿನ ಐವತ್ತು ಸುತ್ತು: ಎಣಿಕೆ ಯಂತ್ರದ ಅವಗಾಹನೆಗೆ

ಮಾನ್ಯ ಯಂತ್ರ ಮಹಾಶಯರೇ,

ಇಡೀ ಕೆಂಟಕಿ ಬೆವರುವ ಜುಲೈಯಲ್ಲೂ ಪಾವ್‌ಪಾವ್ ಬೆಂಡ್ ಸ್ಪೀಡ್‌ವೇಯ ಗೋಪುರದ ಮೇಲೆ ಏಸಿ ಹಾಕಿಸಿಕೊಂಡು ತಣ್ಣಗೆ ಕೂತು, ಕೆಳಗೆ ಓಡುವ ಪ್ರತಿ ಟ್ರಕ್ಕಿನ ಪ್ರತಿ ಸುತ್ತನ್ನೂ ತಪ್ಪದೆ ಎಣಿಸುವ ತಮಗೆ, ಆರನೇ ಕ್ಲಾಸಿಗೇ ಶಾಲೆ ಬಿಟ್ಟು ಬೆರಳಲ್ಲಿ ಎಣಿಸಿಯೇ ಎಪ್ಪತ್ತಾರು ವರ್ಷ ಕಳೆದ ವರ್ಲಿನ್ ಟ್ಯಾಕೆಟ್ ಎಂಬ ನಾನು ಟೋಪಿ ತೆಗೆದು ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮಗೆ ಸ್ವಲ್ಪ ಕೆಮ್ಮು ಬಂದರೂ ಮ್ಯಾನೇಜರ್ ಬ್ರೈಸ್ ಲೂಯಿವಿಲ್‌ನಿಂದ ಇಬ್ಬರು ತಜ್ಞರನ್ನು ಕರೆಸುತ್ತಾನೆ. ನನ್ನ ಮಂಡಿಗೆ ಹಾಗೆ ಯಾರೂ ಬರುವುದಿಲ್ಲ.

ವಿಷಯ ಇಷ್ಟೆ. ಬರುವ ಶನಿವಾರ ನಲವತ್ತನೇ ಪಿಕಪ್ ರೇಸು. ಅದಕ್ಕೂ ಮುಂಚೆ ತಾವು ದೊಡ್ಡ ಬೋರ್ಡಿನ ಮೇಲೆ ಈ ರೇಸಿನ ಇತಿಹಾಸ ಬೆಳಗಿಸುತ್ತೀರಂತೆ, ಮೊದಲ ವರ್ಷದ ವಿಜೇತ ಎಂದು ನನ್ನ ಹೆಸರು ಬಾಗಿಲಿನಷ್ಟು ಎತ್ತರದ ಅಕ್ಷರದಲ್ಲಿ ಬರುತ್ತದಂತೆ, ನಾನು ರೇಸಿಗೆ ಮುಂಚಿನ ಮೆರವಣಿಗೆ ಟ್ರಕ್ಕಿನಲ್ಲಿ ನಿಂತು ಕೈ ಬೀಸುತ್ತಾ ಒಂದು ಸುತ್ತು ಬರಬೇಕಂತೆ. ಮಹಾಶಯರೇ, ಮೊದಲ ವರ್ಷ ನಾನು ಗೆಲ್ಲಲಿಲ್ಲ. ಗೆದ್ದವನು ಹೋಬರ್ಟ್ ಸೈಜ್‌ಮೋರ್. ನನ್ನ ಹೆಸರು ತೆಗೆದು ಅವನದು ಹಾಕಪ್ಪ ಎಂದು ಬ್ರೈಸ್‌ಗೆ ಮೂರು ಸಲ ಹೇಳಿದೆ. "ಯಜಮಾನ್ರೇ, ಎಲ್ಲಾ ಮಷೀನಿಗೆ ಹೋಗ್ಬಿಟ್ಟಿದೆ, ಇನ್ನು ಮುಟ್ಟೋಕಾಗಲ್ಲ," ಅಂದ. "ಗೆದ್ದಿಲ್ಲ ಅಂತ ನಾನೇ ಹೇಳ್ತಿದೀನಲ್ಲೋ!" ಅಂದೆ. "ನೀವು ಹೇಳಿದ್ರೆ ಏನ್ ಬಂತು, ಮಷೀನು ಹೇಳ್ಬೇಕಲ್ಲ," ಅಂದ. ಅಲ್ಲಿಗೆ ಮನುಷ್ಯರ ಜೊತೆ ಮಾತು ಮುಗಿಯಿತು. ಆದ್ದರಿಂದ ತಮಗೆ ಬರೆಯುತ್ತಿದ್ದೇನೆ. ತಮಗೆ ಓದು ಬರುತ್ತದೋ ಇಲ್ಲವೋ ತಿಳಿಯದ್ದರಿಂದ ಊರಿನ ವಾರಪತ್ರಿಕೆಗೂ ಕೊಟ್ಟಿದ್ದೇನೆ.

ತಮ್ಮ ಇತಿಹಾಸವನ್ನು ಗೇಟಿನಲ್ಲಿ ಅಂಟಿಸಿದ್ದಾರೆ, ಓದಿದೆ, ಬಹಳ ಸೊಗಸಾಗಿದೆ. 'ಸಾವಿರಾರು ಅಭಿಮಾನಿಗಳ ಜಯಘೋಷ'ವಂತೆ. ಇದ್ದವರು ಇನ್ನೂರು ಜನ, ಅದರಲ್ಲಿ ಅರ್ಧಕ್ಕರ್ಧ ಚರ್ಚಿನವರು ಕೊಡುತ್ತಿದ್ದ ಮೀನು ಫ್ರೈಗೆ ಬಂದವರು. 'ನುರಿತ ಚಾಲಕರು' ಅಂತೆ. ನಾವು ಹನ್ನೊಂದು ಜನ ಬೆಳಿಗ್ಗೆ ತಂಬಾಕು ಹೊಲಕ್ಕೆ ಹೋಗಿ, ಅದೇ ಟ್ರಕ್ಕಿನಲ್ಲಿ ಸೀದಾ ಟ್ರ್ಯಾಕಿಗೆ ಬಂದವರು. ಡೆಂಜಿಲ್ ಕಾಫಿ ಎಂಬುವನು ಹಿಂದೆ ಕರು ಕಟ್ಟಿದ್ದನ್ನೇ ಮರೆತು ಆರು ಸುತ್ತು ಓಡಿಸಿದ. ಹಿಂದುಗಡೆ ಏನನ್ನೂ ಹೇರಬಾರದೆಂಬ ನಿಯಮ ಮಾರನೇ ವರ್ಷ ಬಂದದ್ದೇ ಆ ಕರುವಿನ ದೆಸೆಯಿಂದ, ಆದರೆ ತಮ್ಮ ಇತಿಹಾಸದಲ್ಲಿ ಕರುವಿಗೆ ಒಂದು ಸಾಲೂ ಇಲ್ಲ. ಈಗಿನ ಟ್ರಕ್ಕುಗಳಿಗೆ ಆ ನಿಯಮವೇ ಬೇಡ ಬಿಡಿ. ಒಂದು ಮೂಟೆ ಮೇವಿಟ್ಟರೆ ಮುರಿದು ಬೀಳುತ್ತವೆ, ದೀಪ ಇರಬೇಕಾದ ಕಡೆ ದೀಪದ ಸ್ಟಿಕ್ಕರ್ ಅಂಟಿಸಿಕೊಂಡು ಬರುತ್ತವೆ.

ತಮಗಿಂತ ಮುಂಚೆ ತಮ್ಮ ಕೆಲಸ ಮಾಡುತ್ತಿದ್ದವರು ಯಾರೆಂದು ತಮಗೆ ಯಾರೂ ಹೇಳಿರಲಾರರು. ನಮ್ಮ ಹೆಂಡತಿಯರು. ಹಲಗೆಯ ಬೆಂಚಿನ ಮೇಲೆ ಪೆನ್ಸಿಲ್ಲು, ಹಾಳೆ ಹಿಡಿದು ಕೂರುತ್ತಿದ್ದರು, ಮೋಸ ಆಗಬಾರದೆಂದು ಒಬ್ಬನ ಹೆಂಡತಿ ಇನ್ನೊಬ್ಬನ ಸುತ್ತು ಎಣಿಸಬೇಕೆಂಬ ಪದ್ಧತಿ ಇತ್ತು. ಹಾಗೆ ನನ್ನ ನೆಡ್ರಾಗೆ ಹೋಬರ್ಟ್ ಬಂದ, ಅವನ ಹೆಂಡತಿ ಲರ್ಲೀನ್‌ಗೆ ನಾನು ಬಂದೆ. ನಮ್ಮಿಬ್ಬರದೂ ಒಂದೇ ಅಂಗಡಿಯ ಹಸಿರು ಟ್ರಕ್ಕು. ಬಾಗಿಲ ಮೇಲೆ ಬಿಳಿ ಶೂ ಪಾಲಿಶಿನಲ್ಲಿ ಬರೆದ ನಂಬರೊಂದೇ ಗುರುತು. ಹತ್ತನೇ ಸುತ್ತಿಗೆ ಕೆಮ್ಮಣ್ಣು ಎರಡನ್ನೂ ಮುಚ್ಚಿಹಾಕಿತು. ಮೂವತ್ತೊಂದನೇ ಸುತ್ತಿನಲ್ಲಿ ಹೋಬರ್ಟ್ ನನ್ನನ್ನು ಹೊರಗಡೆಯಿಂದ ದಾಟಿದ, ಹಾರ್ನ್ ಹೊಡೆದ, ಟೋಪಿಯನ್ನೂ ಬೀಸಿದ, ನನಗಿಂತ ಒಂದು ಪೂರ್ತಿ ಸುತ್ತು ಮುಂದಾದ. ಆಮೇಲೆ ಹಾಳೆ ನೋಡಿದರೆ ನನಗೆ ಐವತ್ತು, ಅವನಿಗೆ ನಲವತ್ತೊಂಬತ್ತು. ನನಗೆ ಗೆಲುವಿನ ಕಪ್ಪನ್ನೂ ಒಂದು ಇಡೀ ಹಂದಿತೊಡೆಯ ಹ್ಯಾಮನ್ನೂ ಕೊಟ್ಟರು, ತೆಗೆದುಕೊಂಡೆ.

ಮನೆಗೆ ಹೋಗುವ ದಾರಿಯಲ್ಲಿ ನೆಡ್ರಾಳನ್ನು ಕೇಳಿದೆ, "ಹೋಬರ್ಟ್‌ನ ಸರಿಯಾಗಿ ನೋಡಿದ್ಯೇನೇ?" ಎಂದು. "ಅವನ್ನ ಯಾಕ್ರೀ ನೋಡ್ಲಿ? ನಿಮ್ಮ ಬಂಪರ್ ಈಗ ಬಿತ್ತು, ಆಗ ಬಿತ್ತು ಅಂತ ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ!" ಅಂದಳು. ಆಗ ಗೊತ್ತಾಯಿತು. ಅವಳು ತನ್ನ ಗಂಡನನ್ನು ಎಣಿಸಿದ್ದಳು, ಲರ್ಲೀನ್ ತನ್ನ ಗಂಡನನ್ನು ಎಣಿಸಿದ್ದಳು. ಹೋಬರ್ಟ್‌ನ ಐವತ್ತು ನನ್ನ ಹಾಳೆಗೆ, ನನ್ನ ನಲವತ್ತೊಂಬತ್ತು ಅವನ ಹಾಳೆಗೆ ಬಿದ್ದಿತ್ತು. ಬಾಯಿ ಮುಚ್ಚಿಕೊಂಡು ಮನೆಗೆ ಹೋಗಿ ಹ್ಯಾಮ್ ತಿಂದೆ.

ಹೋಬರ್ಟ್ ಜಗಳಕ್ಕೆ ನಿಲ್ಲಬಹುದಿತ್ತು. ಜನ ಎತ್ತಿಕಟ್ಟಿದರು ಕೂಡ. "ಬರೆದಿರೋದು ನನ್ನ ಹೆಂಡ್ತಿ. ಅವಳು ಬರೆದ ಮೇಲೆ ಮುಗೀತು, ಹೋಗ್ರಯ್ಯ," ಅಂದುಬಿಟ್ಟ. ಆಮೇಲೆ ಅವನು ಹನ್ನೆರಡು ವರ್ಷ ಓಡಿಸಿದ, ಎರಡನೇ ಸ್ಥಾನಕ್ಕಿಂತ ಮೇಲೆ ಬರಲಿಲ್ಲ. ಕಳೆದ ಮಾರ್ಚಿನಲ್ಲಿ ಲರ್ಲೀನ್ ತೀರಿಕೊಂಡಳು. ಅವಳು ಇದ್ದಾಗ ನಾನು ಈ ಮಾತು ಆಡಿದ್ದರೆ ಅವಳ ಮೇಲೆ ತಪ್ಪು ಹೊರಿಸಿದ ಹಾಗಾಗುತ್ತಿತ್ತು ಎಂದು ನನಗೆ ನಾನೇ ಹೇಳಿಕೊಂಡು ಬಂದೆ. ಬಹಳ ಅನುಕೂಲದ ಮಾತು ಅದು.

ಆದ್ದರಿಂದ ಸರ್ವಜ್ಞರಾದ ತಮ್ಮಲ್ಲಿ ನನ್ನ ವಿನಂತಿಗಳು. ಆ ದಿನದ ಕೆಮ್ಮಣ್ಣನ್ನು ದಯವಿಟ್ಟು ಕೆಳಗಿಳಿಸಿ, ಐವತ್ತು ಸುತ್ತನ್ನೂ ಮೊದಲಿಂದ ಎಣಿಸಿಕೊಡಿ. ತಿಂದ ಹ್ಯಾಮನ್ನು ನನ್ನ ಹೊಟ್ಟೆಯಿಂದ ಹಿಂದಕ್ಕೆ ಪಡೆಯಿರಿ. ಹೋಬರ್ಟ್‌ನನ್ನು ಮೂವತ್ತೇಳು ವರ್ಷದವನನ್ನಾಗಿ ಮಾಡಿ ಒಂದು ಮಧ್ಯಾಹ್ನದ ಮಟ್ಟಿಗೆ ಗೆಲುವಿನ ಕಟ್ಟೆ ಹತ್ತಿಸಿ, ಕೆಳಗೆ ಲರ್ಲೀನ್‌ಳನ್ನೂ ನಿಲ್ಲಿಸಿ. ಇವು ತಮ್ಮ ಕೈಯಲ್ಲಿ ಆಗದಿದ್ದರೆ ಒಂದನ್ನಾದರೂ ಮಾಡಿ: ಬೋರ್ಡಿನಲ್ಲಿ ಹೋಬರ್ಟ್‌ನ ಹೆಸರು ಹಾಕಿ, ಅದರ ಕೆಳಗೆ 'ಸುತ್ತು ಎಣಿಸಿದವರು: ಲರ್ಲೀನ್ ಸೈಜ್‌ಮೋರ್' ಎಂದು ಬರೆಯಿರಿ. ಅವಳು ಒಂದು ಸುತ್ತನ್ನೂ ತಪ್ಪಾಗಿ ಎಣಿಸಲಿಲ್ಲ. ಅವಳ ಐವತ್ತೂ ಸರಿಯಾಗಿತ್ತು.

ಇಲ್ಲದಿದ್ದರೆ ಶನಿವಾರ ತಮ್ಮ ಮೆರವಣಿಗೆ ಟ್ರಕ್ಕು ಖಾಲಿ ಹೋಗುತ್ತದೆ.

ಮೂವತ್ತೊಂಬತ್ತು ವರ್ಷದಿಂದ ಒಂದು ಸುತ್ತು ಹಿಂದೆಯೇ ಇರುವ ತಮ್ಮ ವಿಶ್ವಾಸಿ,
ವರ್ಲಿನ್ ಟ್ಯಾಕೆಟ್

ತಾ.ಕ.: ತಮ್ಮ ಅಪ್ಪಣೆಗೆ ಕಾಯಲಾಗದೆ, ನಿನ್ನೆ ಮೊದಲ ವರ್ಷದ ಕಪ್ಪನ್ನು ಒರೆಸಿ, ನಾಲ್ಕು ಮೈಲಿ ಆಚೆಯ ಹೋಬರ್ಟ್ ಮನೆಗೆ ನಾನೇ ಒಯ್ದು ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದ. "ನಾಲ್ಕು ಮೈಲಿ ಬರೋಕೆ ಮೂವತ್ತೊಂಬತ್ತು ವರ್ಷ ಬೇಕಾಯ್ತೇನೋ ನಿಂಗೆ? ನಿನ್ನನ್ನ ದಾಟೋದೇನು ಮಹಾ ಕಷ್ಟ ಇರ್ಲಿಲ್ಲ ಬಿಡು," ಅಂದ. ಆಮೇಲೆ ಇನ್ನೊಂದು ಕುರ್ಚಿ ಎಳೆದು ಹಾಕಿದ. ಇದನ್ನು ಬ್ರೈಸ್ ತಮ್ಮೊಳಗೆ ಯಾವ ಗುಂಡಿ ಒತ್ತಿ ಸೇರಿಸುತ್ತಾನೋ ನೋಡುತ್ತೇನೆ.