ಟೈಲರ್ ಕದ್ದು ತಿಂದ ಬನ್ನು

ತಟ್ಟೆಗೆ ಮತ್ತೆ ಸೋರೆಕಾಯಿ ಬಿದ್ದದ್ದೇ ಆ ದಿನದ ರಾದ್ಧಾಂತಕ್ಕೆಲ್ಲ ಕಾರಣ. ಬರೀ ಬೇಯಿಸಿದ ಸೋರೆಕಾಯಿ. ಉಪ್ಪಿಲ್ಲ, ಖಾರವಿಲ್ಲ, ಎಣ್ಣೆಯ ಸುಳಿವೂ ಇಲ್ಲ. ಅಳತೆ ತಪ್ಪಿ ಹೊಲಿದ ಅಂಗಿಯನ್ನು ನೋಡುವಂತೆ ಟೈಲರ್ ಅದನ್ನು ನೋಡಿದ.

ಅವನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್, ನರಗಳ ಹೊದಿಕೆ ಅಲ್ಲಲ್ಲಿ ಹಾಳಾಗುವ ಕಾಯಿಲೆ. ಮೊದಲು ಎಡಗಾಲು ಜೋಮು ಹಿಡಿಯಿತು, ಆಮೇಲೆ ಬೆರಳು. ಸೂಜಿ ಚುಚ್ಚಿದರೂ ರಕ್ತ ಕಂಡ ಮೇಲೇ ತಿಳಿಯುತ್ತಿತ್ತು. "ಇಂಥದ್ದು ತಿಂದ್ರೆ ವಾಸಿಯಾಗುತ್ತೆ ಅಂತ ಯಾವುದೂ ಇಲ್ಲ. ಹಿತಮಿತವಾಗಿ ತಿನ್ನಿ, ಔಷಧಿ ಮಾತ್ರ ತಪ್ಪಿಸಬೇಡಿ" ಎಂದಿದ್ದರು ಡಾಕ್ಟರು. ಆದರೆ ಡಾಕ್ಟರು ಇದ್ದದ್ದು ದೂರದ ಆಸ್ಪತ್ರೆಯಲ್ಲಿ, ನೆರೆಹೊರೆಯವರು ಬಾಗಿಲಲ್ಲೇ. ಇಸ್ತ್ರಿಯವನು ಹಾಲು ಬಿಡಿಸಿದ. ರಿಟೈರಾದ ಮೇಷ್ಟ್ರು ಗೋಧಿ ಬಿಡಿಸಿದರು. ಟೈಲರನ ಅಕ್ಕ ಫೋನಿನಲ್ಲೇ ಉಪ್ಪು, ಸಕ್ಕರೆ ಎರಡಕ್ಕೂ ಕತ್ತರಿ ಹಾಕಿದಳು. ಗಂಡ ಹಾಸಿಗೆ ಹಿಡಿದಾನೆಂಬ ಭಯ ಹೆಂಡತಿಗೆ. ಯಾರ ಮಾತನ್ನೂ ತೆಗೆದುಹಾಕುವ ಧೈರ್ಯ ಅವಳಿಗಿರಲಿಲ್ಲ.

ಮಧ್ಯಾಹ್ನ ಟೈಲರ್ ಅಂಗಡಿಯ ಬಾಗಿಲು ಅರ್ಧ ಎಳೆದು, ಕೋಲೂರಿಕೊಂಡು ಮೂಲೆಯ ಬೇಕರಿಗೆ ಹೋದ. ಹಿಟ್ಟಿನ ಚೀಲಗಳ ಮರೆಯಲ್ಲಿ ಕೂತು, ಕಣ್ಣು ಮುಚ್ಚಿಕೊಂಡು ಎರಡು ಬೆಣ್ಣೆ ಬನ್ನು ತಿಂದ.

"ಏನ್ ಬೆಣ್ಣೆ ಕಣಯ್ಯಾ" ಎಂದ. ಬೇಕರಿಯವನು ಯಾಕೋ ಮುಖ ತಿರುಗಿಸಿ ಗಾಜು ಒರೆಸತೊಡಗಿದ.

ಎದ್ದು ಹೊರಟರೆ ಎದುರಿಗೇ ಇಸ್ತ್ರಿಯವನು. ಅಲ್ಲಿಗೆ ಮುಗಿಯಿತು. ಸಂಜೆಗೆ ಟೈಲರನ ಅಂಗಡಿಯಲ್ಲಿ ಬಟ್ಟೆಗಿಂತ ಜನವೇ ಹೆಚ್ಚಾಯಿತು.

"ನಿಮ್ಮ ನರಕ್ಕೆ ನೀವೇ ಕೊಳ್ಳಿ ಇಟ್ಕೊಂಡ್ರಿ" ಎಂದರು ಮೇಷ್ಟ್ರು.

"ಕಾಲು ಹೋಯ್ತು, ಬೆರಳು ಹೋಯ್ತು. ಉಳಿದಿರೋದು ಬಾಯಿ ಒಂದೇ, ಮೇಷ್ಟ್ರೇ. ಅದನ್ನೂ ಕಿತ್ಕೋಬೇಡಿ" ಎಂದ ಟೈಲರ್.

ಇಸ್ತ್ರಿಯವನು ಬೇಕರಿಯವನನ್ನು ಕಳ್ಳನಂತೆ ಹಿಡಿದು ತಂದ. ಬೇಕರಿಯವನು ತಲೆ ಕೆರೆದುಕೊಂಡ. "ನನ್ನನ್ಯಾಕೆ ಬೈತೀರಿ? ಇವರ ಹೆಂಡ್ತೀನೇ ಮೊದಲು ಬಂದು ಹೇಳಿದ್ರು, ಇವರು ಬಂದೇ ಬರ್ತಾರೆ ಅಂತ. ದಿನಾ ಸೋರೆಕಾಯಿ ಅರೆದು ಅವರೇ ತಂದ್ಕೊಡ್ತಾರೆ. ಬೆಣ್ಣೆ ಬದಲು ಅದನ್ನೇ ತುಂಬಿದ್ದೆ. ಹಿಟ್ಟು ಅಕ್ಕೀದು, ಗೋಧಿ ಅಲ್ಲ. ಉಪ್ಪು ಸಕ್ಕರೆ ಒಂದೂ ಇಲ್ಲ."

ಅಂಗಡಿ ಬಿದ್ದು ಬಿದ್ದು ನಕ್ಕಿತು. ಹೆಂಡತಿಯೂ ಸೆರಗು ಅಡ್ಡ ಹಿಡಿದು ನಕ್ಕಳು. ನಗುತ್ತಲೇ ಕೇಳಿದಳು, "ತಿಂದು ಏನಂದ್ರು?"

"ಏನ್ ಬೆಣ್ಣೆ ಅಂದ್ರು."

ಅವಳ ನಗು ನಿಂತಿತು.

ಎಲ್ಲರೂ ಹೋದ ಮೇಲೆ ಅವಳು ಇಸ್ತ್ರಿಯವನ ಮನೆಯಿಂದ ಒಂದು ಬಟ್ಟಲು ಸಕ್ಕರೆ ಕೇಳಿ ತಂದಳು. ಬೆರಳ ತುದಿಯಲ್ಲಿ ನಾಲ್ಕು ಕಾಳು ಗಂಡನ ನಾಲಿಗೆಗೆ ಇಟ್ಟಳು. "ಏನು ಹೇಳಿ ನೋಡೋಣ?"

ಟೈಲರ್ ಯೋಚಿಸಿದ. ಬೆಳ್ಳಗಿದೆ. ಅವಳ ಅಡುಗೆಗೆಂದು ಉಪ್ಪಾದರೂ ಇದ್ದೀತು, ಈ ಮನೆಗೆ ಸಕ್ಕರೆಯಂತೂ ಬರುವುದಿಲ್ಲ. "ಉಪ್ಪು. ಕೊನೆಗೂ ನಿನಗೆ ಕರುಣೆ ಬಂತಲ್ಲ."

ಉಪ್ಪು ಹುಳಿಯಿಲ್ಲದ ಊಟದಲ್ಲಿ ನಾಲಿಗೆ ಯಾವತ್ತು ಕೈಕೊಟ್ಟಿತೋ, ಇಬ್ಬರಿಗೂ ತಿಳಿದಿರಲಿಲ್ಲ.

"ಹೂಂ, ಉಪ್ಪೇ" ಎಂದಳು. "ಬೆಳಗಾಗ್ತಲೇ ಡಾಕ್ಟರ ಹತ್ರ ಹೋಗೋಣ. ಬರ್ತಾ ಬೆಣ್ಣೆ ಬನ್ನು ಕೊಡಿಸ್ತೀನಿ. ನಿಜವಾದ ಬೆಣ್ಣೇದು. ಇನ್ಮೇಲೆ ನಿಮಗೆ ಬೇಕಾದ್ದು ತಿನ್ನಿ."

ಗೆದ್ದೆನೆಂದು ಟೈಲರ್ ನಕ್ಕ. ಇಷ್ಟು ದಿನ ಜಗ್ಗದವಳು ಇಷ್ಟು ಸುಲಭಕ್ಕೆ ಸೋತಳಲ್ಲ ಎಂದು ಅವಳ ಮುಖ ನೋಡಿದ. ಆಗ ಅವನಿಗೆ ಹೆದರಿಕೆಯಾಯಿತು. ಬಟ್ಟಲಿಗೆ ಕೈಹಾಕಿ ಒಂದು ಹಿಡಿ ಬಾಯಿಗೆ ಸುರಿದುಕೊಂಡು ಕಾದು ಕೂತ. ಅದು ಉಪ್ಪೋ ಸಕ್ಕರೆಯೋ ಅವನಿಗೆ ಗೊತ್ತಾಗಲಿಲ್ಲ.